ಅರಸು ಸೀಮೆಯ ಹೊಲಗಳಿಗೆ ಗಾಲ್ಫ್ ಹುಲ್ಲಿನ ಕನಸು

ಹುಣಸೂರು: ಮೈಸೂರಿನಿಂದ ಇಲವಾಲ, ಬಿಳಿಕೆರೆ ದಾಟಿ ಹುಣಸೂರಿನತ್ತ ಸಾಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಬಹುಕಾಲ ಕಣ್ಣಿಗೆ ಬೀಳುತ್ತಿದ್ದುದು ತಂಬಾಕಿನ ಹೊಲಗಳು ಹಾಗೂ ಎಲೆ ಹದ ಮಾಡುವ ಬ್ಯಾರನ್‌ಗಳು. ಈಗ ಅವುಗಳ ನಡುವೆ ನಿವೇಶನ, ಫಾರ್ಮ್‌ಹೌಸ್ ಮಾರಾಟದ ಫಲಕಗಳೂ ಎದ್ದಿವೆ. 118 ಕಿ.ಮೀ. ಉದ್ದದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ದಿನವೇ ಮೈಸೂರು-ಕುಶಾಲನಗರ ಚತುಷ್ಪಥ ರಸ್ತೆಗೂ ಶಂಕುಸ್ಥಾಪನೆ ನೆರವೇರಿತು. ಸುಮಾರು 92 ಕಿ.ಮೀ.ಗಳ ಈ ಮಾರ್ಗ ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳನ್ನು ಹಾದು ಕೊಡಗು ಸೇರುತ್ತದೆ. ರಾಜಧಾನಿಯ ಹಣಕ್ಕೆ ಈ ಸೀಮೆ ಇನ್ನು ದೂರದ್ದಲ್ಲ.

ಆ ಹಣ ಯಾವ ರೂಪ ತಾಳಿ ಬರಬಹುದೆಂಬುದಕ್ಕೆ ಬೆಂಗಳೂರಿನ ಸುತ್ತಲೇ ಮಾದರಿಗಳಿವೆ. ಅವುಗಳಲ್ಲಿ ಅತಿ ದುಬಾರಿಯಾದದ್ದು ಗಾಲ್ಫ್ ಮೈದಾನವನ್ನು ನಡುವೆ ಇರಿಸಿ, ಸುತ್ತ ವಿಲ್ಲಾಗಳನ್ನು ಕಟ್ಟಿ, ಹೊರಗೆ ಗೋಡೆ ಎಳೆದ ಖಾಸಗಿ ಬಡಾವಣೆ.

ಗಾಲ್ಫ್ ಕರ್ನಾಟಕಕ್ಕೆ ಹೊಸ ಆಟವಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಕೋಲಾರದ ಚಿನ್ನದ ಗಣಿಯ ಆಂಗ್ಲ ಅಧಿಕಾರಿಗಳು ಗಣಿಯ ಮಗ್ಗುಲಲ್ಲೇ ಮೈದಾನ ಮಾಡಿಕೊಂಡಿದ್ದರು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸ್ ಅಂಗಳದಲ್ಲಿಯೇ ಗಾಲ್ಫ್ ನಡೆದುಬಂದಿದೆ. ಇವೆಲ್ಲ ಆಟಗಾರರ ಕ್ಲಬ್‌ಗಳು. ಆಟ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಮನೆಗೆ ಹೊರಡುತ್ತಿದ್ದರು. ಹುಲ್ಲಿನ ನೋಟವನ್ನೇ ಸರಕಾಗಿಸಿ ಅದರ ಪಕ್ಕದಲ್ಲಿ ಮನೆ ಮಾರುವ ವ್ಯವಹಾರ ಬೇರೂರಿದ್ದು ಆರ್ಥಿಕ ಉದಾರೀಕರಣದ ಬಳಿಕ. ಮೈಸೂರು ರಸ್ತೆಯಲ್ಲಿ ಬಿಡದಿ ಬಳಿಯ ಈಗಲ್‌ಟನ್ ಈ ಪೈಕಿ ಹಳೆಯದು. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರನ್ನು, ಮರುವರ್ಷ ಕರ್ನಾಟಕದವರನ್ನೇ ಅಲ್ಲಿ ಇರಿಸಿದ್ದರಿಂದ, ಗಾಲ್ಫ್ ಕೋಲನ್ನು ಕಂಡರಿಯದ ಮತದಾರನಿಗೂ ಅದರ ಹೆಸರು ಪರಿಚಿತವಾಯಿತು.

ನಂದಿಬೆಟ್ಟದ ತಪ್ಪಲಲ್ಲಿ ದೇವನಹಳ್ಳಿ ತಾಲ್ಲೂಕಿನ ಪ್ರೆಸ್ಟೀಜ್ ಗಾಲ್ಫ್‌ಶೈರ್ ಈ ಮಾದರಿಯ ಪೂರ್ಣ ರೂಪ. ಒಟ್ಟು 275 ಎಕರೆ. 18 ಹೋಲ್‌ಗಳ ಮೈದಾನ. ಅದರ ಅಂಚಿಗೆ ಇನ್ನೂರಕ್ಕೂ ಮಿಕ್ಕ ವಿಲ್ಲಾಗಳು. ಕ್ಲಬ್‌ಹೌಸ್, ಕೃತಕ ಕೊಳಗಳು, ಸಮ್ಮೇಳನ ಸಭಾಂಗಣ. 2022ರಲ್ಲಿ ತೆರೆದ ಪಂಚತಾರಾ ಹೋಟೆಲ್. ಇಂಥಲ್ಲಿ ಮನೆ ಕೊಳ್ಳುವವರನ್ನು ಹಂಗಿಸುವುದು ಸುಲಭ, ಆದರೆ ನ್ಯಾಯವಲ್ಲ. ಗುಂಡಿಯಿಲ್ಲದ ರಸ್ತೆ, ತಪ್ಪದೆ ಬರುವ ನೀರು, ಮಕ್ಕಳು ಸೈಕಲ್ ತುಳಿಯಲು ಜಾಗ ಇವನ್ನು ನಗರ ಕೊಡಲಾರದೆ ಹೋದಾಗ, ಉಳ್ಳವರು ಗೋಡೆಯೊಳಗೆ ಕೊಂಡುಕೊಳ್ಳುತ್ತಾರೆ. ಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದಿದೆ. ಮನೆಯ ಕ್ರಯಪತ್ರ ತಮ್ಮ ಹೆಸರಿನಲ್ಲಿರುತ್ತದೆ. ಮೈದಾನದ ಒಡೆತನ ಯಾರ ಹೆಸರಿನಲ್ಲಿರುತ್ತದೆ, ಅದರ ಖರ್ಚನ್ನು ನಾಳೆ ಹೊರುವವರು ಯಾರು ಎಂಬುದು.

ಹಳ್ಳಿಯ ಕಡೆಯಿಂದ ನೋಡಿದರೆ ಈ ಮಾದರಿಗೆ ಬೇಕಾದದ್ದು ಎರಡೇ: ಒಂದೇ ಕಡೆ ಕೂಡಿಬರುವ ಭೂಮಿ ಮತ್ತು ನೀರು.

2015-16ರ ಕೃಷಿ ಗಣತಿಯಂತೆ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆಯಷ್ಟು. 275 ಎಕರೆ ಕೂಡಬೇಕಾದರೆ ಇಂಥ ಎಂಬತ್ತಕ್ಕೂ ಹೆಚ್ಚು ಹಿಡುವಳಿಗಳು ಕೈಬದಲಾಗಬೇಕು. ಇದಕ್ಕೆ ಬಹುಕಾಲ ಅಡ್ಡವಾಗಿದ್ದುದು ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು. ನಿಗದಿತ ಮಿತಿಗಿಂತ ಹೆಚ್ಚಿನ ಕೃಷಿಯೇತರ ಆದಾಯವುಳ್ಳವರು ಹಾಗೂ ಕೃಷಿಕರಲ್ಲದವರು ಸಾಗುವಳಿ ಜಮೀನು ಕೊಳ್ಳದಂತೆ ಅವು ತಡೆದಿದ್ದವು. ಉದ್ದಿಮೆಗಳಿಗೆ 109ನೇ ಕಲಮಿನ ವಿನಾಯಿತಿ ಇತ್ತು, ಬೇನಾಮಿ ದಾರಿಯೂ ಇತ್ತು ಎಂಬುದು ನಿಜ. ಆದರೂ ಬಾಗಿಲಿಗೆ ಅಗುಳಿ ಇತ್ತು.

ಆ ಕಾಯ್ದೆಗೆ ಹಲ್ಲು ಬಂದದ್ದು ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರ ಕಾಲದಲ್ಲಿ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸು, ಹುಣಸೂರಿನಿಂದಲೇ ಆಯ್ಕೆಯಾಗಿ ಬಂದವರು. ಅವರ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. 2020ರಲ್ಲಿ ಅಂದಿನ ಬಿಜೆಪಿ ಸರ್ಕಾರ 79ಎ, 79ಬಿಗಳನ್ನು ಕೈಬಿಟ್ಟಾಗ, ಅವು 1974ರ ಮಾರ್ಚ್ 1ರಿಂದಲೇ ಇರಲಿಲ್ಲವೆಂಬಂತೆ ಪೂರ್ವಾನ್ವಯ ಮಾಡಿತು. ಬಾಕಿ ಇದ್ದ ಪ್ರಕರಣಗಳೂ ಅದರೊಡನೆ ಮುಗಿದವು. ಆಗ ವಿರೋಧ ಪಕ್ಷದಲ್ಲಿದ್ದು ತಿದ್ದುಪಡಿಯನ್ನು ಖಂಡಿಸಿದ್ದ ಕಾಂಗ್ರೆಸ್ 2023ರ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂತು. ಆ ಬಳಿಕವೂ ರೈತ ಸಂಘಟನೆಗಳು ತಿದ್ದುಪಡಿ ರದ್ದತಿಗೆ ಒತ್ತಾಯಿಸಬೇಕಾಗಿ ಬಂದಿದೆ.

ರೈತ ಏಕೆ ಮಾರುತ್ತಾನೆ? ತಂಬಾಕು ಬೆಳೆಗಾರನನ್ನೇ ನೋಡಬಹುದು. ಎಷ್ಟು ಬೆಳೆಯಬೇಕೆಂಬುದನ್ನು ತಂಬಾಕು ಮಂಡಳಿ ನಿಗದಿ ಮಾಡುತ್ತದೆ. ದರ ಹರಾಜು ಮಾರುಕಟ್ಟೆಯಲ್ಲಿ ತೀರ್ಮಾನವಾಗುತ್ತದೆ. ಬ್ಯಾರನ್‌ಗೆ ಸೌದೆ ಹೊಂದಿಸಬೇಕು. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲೇ ಅಂಗೀಕರಿಸಿರುವುದರಿಂದ ಬೆಳೆಯ ಭವಿಷ್ಯವೂ ಭದ್ರವಲ್ಲ. ಇಂಥವನ ಮುಂದೆ ಜೀವಮಾನದ ದುಡಿಮೆಗೂ ಮೀರಿದ ಮೊತ್ತ ಇಟ್ಟು, ಮಾರಬೇಡ ಎಂದು ಪಟ್ಟಣದಲ್ಲಿ ಕುಳಿತು ಉಪದೇಶಿಸುವುದರಲ್ಲಿ ಅರ್ಥವಿಲ್ಲ. ಮಾರುವ ಹಕ್ಕು ಅವನದು. ತೊಡಕು ಇರುವುದು ಅವನದಲ್ಲದ ನೆಲದಲ್ಲಿ.

ಹೊಲಗಳ ನಡುವೆ ಬಂಡಿದಾರಿ, ಹಳ್ಳ, ಗೋಮಾಳ, ಕೆರೆಯಂಗಳ, 'ಬ' ಖರಾಬು ಇರುತ್ತವೆ. ಅವು ಊರಿಗೆ ಸೇರಿದವು. ಯಾರ ಕ್ರಯಪತ್ರದಲ್ಲೂ ಬರುವಂತಿಲ್ಲ. ಸುತ್ತಲಿನ ಹೊಲಗಳೆಲ್ಲ ಒಬ್ಬರದಾಗಿ ಗೋಡೆ ಎದ್ದರೆ ಅವೂ ಒಳಗೇ ಉಳಿಯುತ್ತವೆ. ಈಗಲ್‌ಟನ್ ಪ್ರಕರಣದ ತಿರುಳೂ ಸರ್ಕಾರಿ ಜಮೀನೇ. ಅಲ್ಲಿನ ಸುಮಾರು 77 ಎಕರೆ ಸರ್ಕಾರಿ ಭೂಮಿಯ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. 2017ರಲ್ಲಿ ರಾಜ್ಯ ಸರ್ಕಾರ ಅದರ ಮೌಲ್ಯವೆಂದು ಸುಮಾರು 982 ಕೋಟಿ ರೂಪಾಯಿ ಕೇಳಿತು. ಮೈದಾನ ಆಗಲೇ ಹಳೆಯದಾಗಿತ್ತು.

ನೀರಿನ ಲೆಕ್ಕ ಇನ್ನೂ ಸರಳ. ಒಂದು ಎಕರೆಗೆ ಒಂದು ಮಿ.ಮೀ. ನೀರೆಂದರೆ 4,047 ಲೀಟರ್. ಮೈದಾನದಲ್ಲಿ 60 ಎಕರೆ ಹುಲ್ಲಿಗಷ್ಟೇ ಬೇಸಿಗೆಯಲ್ಲಿ ದಿನಕ್ಕೆ 4 ಮಿ.ಮೀ. ಹಾಯಿಸಿದರೂ ಸುಮಾರು 9.7 ಲಕ್ಷ ಲೀಟರ್ ಆಗುತ್ತದೆ. ಜಲಜೀವನ್ ಮಿಷನ್ ಗ್ರಾಮೀಣರಿಗೆ ತಲಾ ದಿನಕ್ಕೆ 55 ಲೀಟರ್ ನಿಗದಿ ಮಾಡಿದೆ. ಆ ಲೆಕ್ಕದಲ್ಲಿ ಇದು ಹದಿನೇಳು ಸಾವಿರಕ್ಕೂ ಹೆಚ್ಚು ಜನರ ನೀರು. ದೊಡ್ಡ ನಗರದಲ್ಲಾದರೆ ಸಂಸ್ಕರಿಸಿದ ಒಳಚರಂಡಿ ನೀರಿನಿಂದ ಹುಲ್ಲು ಬೆಳೆಸಬಹುದು. ಹಳ್ಳಿಯಲ್ಲಿ ಅಷ್ಟು ಕೊಳಚೆ ನೀರು ಎಲ್ಲಿಂದ ಬರಬೇಕು? ಕೊಳವೆಬಾವಿಯೇ ಗತಿ. ಕೆ.ಆರ್. ನಗರದಲ್ಲಿ ಕಾವೇರಿಯ ನಾಲೆ, ಹುಣಸೂರಿನಲ್ಲಿ ಲಕ್ಷ್ಮಣತೀರ್ಥ, ಎಚ್.ಡಿ. ಕೋಟೆಯಲ್ಲಿ ಕಬಿನಿ, ತಾರಕ ಇದ್ದರೂ ನಕ್ಷೆಯ ನದಿ ನಲ್ಲಿಯ ನೀರಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು.

ಎಚ್.ಡಿ. ಕೋಟೆಯ ಪಾಠ ಬೇರೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಹಿನ್ನೀರಿನ ದಡ ಇಂದು ಐಷಾರಾಮಿ ರೆಸಾರ್ಟ್‌ಗಳ ಸಾಲು. ನಾಗರಹೊಳೆಯ ಮೂರ್ಕಲ್‌ನಲ್ಲಿ ಅರಣ್ಯ ಭೂಮಿಯನ್ನು ತಾಜ್ ಸಮೂಹದ ಗೇಟ್‌ವೇ ಹೋಟೆಲ್‌ಗೆ ಗುತ್ತಿಗೆ ಕೊಟ್ಟಾಗ ಆದಿವಾಸಿಗಳು ಹೈಕೋರ್ಟ್ ಮೆಟ್ಟಿಲೇರಿದರು. 1997ರ ಜನವರಿಯಲ್ಲಿ ನ್ಯಾಯಾಲಯ ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದಿತು. ಅಲ್ಲಿ ಜಯ ಸಿಕ್ಕಿದ್ದು ನೆಲ ಅರಣ್ಯದ್ದಾಗಿದ್ದರಿಂದ, ಕೊಟ್ಟದ್ದು ಸರ್ಕಾರವಾಗಿದ್ದರಿಂದ. ಕಾಡಂಚಿನ ಪಟ್ಟಾ ಜಮೀನಿಗೆ ಅಷ್ಟು ಗಟ್ಟಿ ಕವಚವಿಲ್ಲ. 2025ರ ನವೆಂಬರ್‌ನಲ್ಲಿ ಸರಗೂರು ಭಾಗದ ಹುಲಿ ದಾಳಿಗಳ ಬಳಿಕ ಸರ್ಕಾರ ಬಂಡೀಪುರ, ನಾಗರಹೊಳೆಯ ಸಫಾರಿಯನ್ನು ಸ್ಥಗಿತಗೊಳಿಸಿದಾಗ, ರೈತರ ಸಿಟ್ಟು ಹುಲಿಗಿಂತ ಹೆಚ್ಚಾಗಿ ರೆಸಾರ್ಟ್‌ಗಳ ಮೇಲಿತ್ತು.

ಗಾಲ್ಫ್‌ಶೈರ್ ಇರುವ ದೇವನಹಳ್ಳಿ ತಾಲ್ಲೂಕಿನಲ್ಲೇ ಇನ್ನೊಂದು ಕಥೆಯೂ ನಡೆದಿದೆ. ಕೈಗಾರಿಕೆಗೆಂದು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನಕ್ಕೆ ಸರ್ಕಾರ ಮುಂದಾದಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟುದಾಗಿ ಪ್ರಕಟಿಸಿದರು. ಅಲ್ಲಿ ಅಧಿಸೂಚನೆ ಇತ್ತು, ಸರ್ವೆ ನಂಬರುಗಳ ಪಟ್ಟಿ ಇತ್ತು. ಆದ್ದರಿಂದಲೇ ಹೋರಾಟಕ್ಕೆ ಒಂದು ಗುರಿ ಇತ್ತು. ಖಾಸಗಿ ಖರೀದಿಗೆ ಇದ್ಯಾವುದೂ ಇಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಒಂದೊಂದೇ ಕ್ರಯಪತ್ರ ನೋಂದಣಿಯಾಗುತ್ತದೆ. 50 ಹೆಕ್ಟೇರ್ ಮೀರಿದ ಟೌನ್‌ಶಿಪ್‌ಗೆ 2006ರ ಪರಿಸರ ಅಧಿಸೂಚನೆಯಡಿ ಪೂರ್ವಾನುಮತಿ ಬೇಕು ನಿಜ. ಆದರೆ ಅದೇ ಅಧಿಸೂಚನೆ ಕಟ್ಟಡ ಮತ್ತು ಟೌನ್‌ಶಿಪ್‌ಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಕೊಟ್ಟಿದೆ. ಊರಿಗೆ ಸುದ್ದಿ ತಿಳಿಯುವುದು ಕಾಂಪೌಂಡ್‌ಗೆ ಪಾಯ ತೋಡಿದಾಗ.

ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಭೂಪರಿವರ್ತನೆಯ ದೊಡ್ಡ ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ ಬಂದ ವಾರದಲ್ಲೇ, ಆ ಸರ್ವೆ ನಂಬರುಗಳ ನಕ್ಷೆಯನ್ನು ಬಂಡಿದಾರಿ, ಹಳ್ಳ, ಖರಾಬುಗಳ ಗುರುತು ಸಮೇತ ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೆ ಅಂಟಿಸಬಹುದು. ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳಲ್ಲಿ ಈ ಕೆಲಸವನ್ನು ರಸ್ತೆ ಮುಗಿಯುವ ಮೊದಲೇ ಆರಂಭಿಸುವುದು ಒಳಿತು.