ಆಕಾಶದ ಗಂಟೆ, ನೆಲದ ಗಂಟೆ

ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣವಿದೆ. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದಲ್ಲಿಯೂ ಒಂದರ ಉದ್ಘಾಟನೆಯಾಯಿತು. ಅದಕ್ಕೆ ಸುಮಾರು 450 ಕೋಟಿ ರೂಪಾಯಿ ಸರಕಾರದ ಹಣ ಖರ್ಚಾಗಿದೆ. ನಕಾಶೆಯ ಮೇಲೆ ಇವೆರಡರ ನಡುವೆ ಗೆರೆ ಎಳೆದರೆ ಅಂತರ ಸುಮಾರು 175 ಕಿಲೋಮೀಟರು. ಗೆರೆ ನಮ್ಮ ಹಾವೇರಿಗೆ ತುಸು ಪಶ್ಚಿಮದಲ್ಲಿಯೇ ಹಾದುಹೋಗುತ್ತದೆ. ಗಂಟೆಗೆ 500 ಕಿಲೋಮೀಟರು ಹಾರುವ ಸಣ್ಣ ವಿಮಾನಕ್ಕೆ ಇದು 21 ನಿಮಿಷದ ದಾರಿ. ಏರುವುದು, ಇಳಿಯುವುದು ಸೇರಿಸಿದರೂ ಮುಕ್ಕಾಲು ಗಂಟೆ ಮೀರದು.

ಲೆಕ್ಕ ಸರಿ. ಆದರೆ ಇದು ಯಾರ ಗಡಿಯಾರದ ಲೆಕ್ಕ?

ಬ್ಯಾಡಗಿಯ ಒಬ್ಬ ಸಣ್ಣ ಮೆಣಸಿನಕಾಯಿ ವ್ಯಾಪಾರಿ ಬೆಂಗಳೂರಿಗೆ ಹೋಗಬೇಕು. ಹುಬ್ಬಳ್ಳಿಯಿಂದ ವಿಮಾನಕ್ಕೆ ಒಂದು ಗಂಟೆ ಸಾಕೆನ್ನುತ್ತಾರೆ. ಆತ ಮೊದಲು ಸುಮಾರು 90 ಕಿಲೋಮೀಟರು ಉತ್ತರಕ್ಕೆ, ಅಂದರೆ ಬೆಂಗಳೂರಿಗೆ ಬೆನ್ನುಹಾಕಿ ಹೋಗಬೇಕು. ಎರಡು ತಾಸು. ವಿಮಾನ ಹೊರಡುವ ಒಂದು ತಾಸಿಗಿಂತ ಮುಂಚೆಯೇ ನಿಲ್ದಾಣದಲ್ಲಿರಬೇಕು. ದೇವನಹಳ್ಳಿಯಲ್ಲಿ ಇಳಿದ ಮೇಲೆ ಪೇಟೆ ಮುಟ್ಟಲು ಮತ್ತೆ 35 ಕಿಲೋಮೀಟರು. ಕೂಡಿಸಿ ನೋಡಿರಿ, ಐದಾರು ತಾಸು ಆಗಿಹೋಯಿತು. ರಾಣೆಬೆನ್ನೂರಿನಲ್ಲಿ ರಾತ್ರಿ ರೈಲು ಹತ್ತಿ ಮಲಗಿದವನು ಬೆಳಿಗ್ಗೆ ಬೆಂಗಳೂರಿನಲ್ಲಿ ಕಣ್ಣುಬಿಡುತ್ತಾನೆ. ಅವನ ಹಗಲೂ ಉಳಿಯಿತು, ಗಂಟೂ ಉಳಿಯಿತು.

ಇನ್ನು ಗಿರಣಿಯ ಕೂಲಿಕಾರರು, ಬ್ಯಾಡಗಿ ಮಾರುಕಟ್ಟೆಯ ಹಮಾಲರು, ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳು. ಇವರ ಪಾಲಿಗೆ 21 ನಿಮಿಷವೆಂದರೆ ಬೆಳಗಿನ ಬಸ್ಸು ತಡವಾಗುವ ಹೊತ್ತು. ಅಷ್ಟು ತಡವಾದರೆ ಅರ್ಧ ದಿನದ ಕೂಲಿಗೆ ಕತ್ತರಿ. ಈ ನಿಮಿಷಗಳನ್ನು ಯಾವ ಮಂತ್ರಿಯೂ ಭಾಷಣದಲ್ಲಿ ಎಣಿಸಿಲ್ಲ.

ಹವಾಯಿ ಚಪ್ಪಲಿ ತೊಟ್ಟವನೂ ವಿಮಾನದಲ್ಲಿ ಕಾಣಬೇಕೆಂದು ಪ್ರಧಾನಿಗಳು 2017ರಲ್ಲಿ ಹೇಳಿದರು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಕೆಲವು ಸೀಟುಗಳಿಗೆ ಆರಂಭದಲ್ಲಿ 2,500 ರೂಪಾಯಿ ದರ ಗೊತ್ತುಮಾಡಿ, ಬೀಳುವ ಕೊರತೆ ತುಂಬಲು ಕಂಪನಿಗಳಿಗೆ ಮೂರು ವರ್ಷ ಸಹಾಯಧನ ಕೊಡುವುದೇ ‘ಉಡಾನ್’ ಯೋಜನೆ. ಅದರ ಗತಿಯನ್ನು ಮಹಾಲೆಕ್ಕ ಪರಿಶೋಧಕರ 2023ರ ವರದಿಯಲ್ಲಿ ಓದಬೇಕು. ಮೊದಲ ಮೂರು ಸುತ್ತುಗಳಲ್ಲಿ ಕೊಟ್ಟ ಮಾರ್ಗಗಳು 774. ಆರಂಭವೇ ಆಗದವು 403. ಮೂರು ವರ್ಷ ಪೂರೈಸಿದವು 112. ಸಹಾಯಧನ ನಿಂತ ಮೇಲೂ 2023ರ ಮಾರ್ಚಿನಲ್ಲಿ ಹಾರುತ್ತಿದ್ದವು 54. ಚಪ್ಪಲಿಯವನು ಇನ್ನೂ ಬಸ್ ನಿಲ್ದಾಣದಲ್ಲಿಯೇ ಇದ್ದಾನೆ.

ವಿಮಾನವೇ ಬೇಡವೆಂಬ ಹಟ ನಮ್ಮದಲ್ಲ. ಯಾವುದು ಮೊದಲೆಂಬುದು ಪ್ರಶ್ನೆ. ಇಂದು ರಾಣೆಬೆನ್ನೂರಿನಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ ಹೋಗುವವರು ದಾವಣಗೆರೆ, ಚಿಕ್ಕಜಾಜೂರು, ಬೀರೂರು ಸುತ್ತಿ ಸುಮಾರು 200 ಕಿಲೋಮೀಟರು ಅಲೆಯಬೇಕು. ಶಿಕಾರಿಪುರದ ಮೇಲೆ ಹಾದು ಶಿವಮೊಗ್ಗ ಮುಟ್ಟುವ ಸುಮಾರು 103 ಕಿಲೋಮೀಟರಿನ ಹೊಸ ಮಾರ್ಗ ಮಂಜೂರಾಗಿದೆ. ರಾಣೆಬೆನ್ನೂರಿನಿಂದ ಅದರ ಮೇಲೆ ಇನ್ನೂ ಒಂದು ಗಾಡಿಯೂ ಓಡಿಲ್ಲ. ಭೂಮಿ ಬಿಡುವ ರೈತನಿಗೆ ನ್ಯಾಯವಾದ ಬೆಲೆ ಕೊಟ್ಟು ಈ ಕೆಲಸ ಮುಗಿಸಿದರೆ ಮೆಣಸಿನಕಾಯಿ ಚೀಲವೂ ಹೋದೀತು, ಕೂಲಿಕಾರನೂ ಹೋದಾನು. ಮುಂದಿನ ಸಲ ಮತ ಕೇಳಲು ಬಂದವರು ಆಕಾಶ ತೋರಿಸಿದರೆ, ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಶಿಕಾರಿಪುರದ ಟಿಕೇಟು ಯಾವ ವರ್ಷ ಸಿಗುತ್ತದೆಂದು ಕೇಳಿರಿ.