ಕೆರೆ ಕೆಂಪಗೆ ಕಂಡಿದ್ದು ಯಾಕೆ?

ಮಿನಿ ಪ್ರಾಜೆಕ್ಟ್‌ಗೆ ಅಂತ ಬೈರಮಂಗಲ ಕೆರೆಯ ಸೆಂಟಿನೆಲ್-2 ಉಪಗ್ರಹ ಚಿತ್ರ ಇಳಿಸಿಕೊಂಡು, ಫಾಲ್ಸ್ ಕಲರ್ ಮಾಡಿ, ರಾಮನಗರದ ಗೆಳೆಯನ ಮನೇಲಿ ತೋರಿಸಿದ್ವಿ. ಅವನ ಅಜ್ಜಿ ನೋಡಿದ್ದೇ, "ಅಯ್ಯೋ, ಕೆರೆಯೆಲ್ಲಾ ರಕ್ತ ಆಗೈತಲ್ಲಪ್ಪಾ, ಫ್ಯಾಕ್ಟ್ರಿ ನೀರಾ?" ಅಂದ್ರು. ನಾವು ನಕ್ವಿ. ಆಮೇಲೆ ನಾಚಿಕೆ ಆಯ್ತು. ಆ ಕೆಂಪು, ನೀರಿನ ಮೇಲೆ ಬೆಳೆದಿದ್ದ ಕಳೆ. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕನ್ನ ಜೋರಾಗಿ ವಾಪಸ್ ಕಳಿಸುತ್ತೆ. ಅದಕ್ಕೆ ಕೆಂಪು ಬಳಿದಿದ್ದು ನಾವೇ. ಪಕ್ಕದ ಹಿಪ್ಪುನೇರಳೆ ತೋಟವೂ ಅಷ್ಟೇ ಕೆಂಪು. ಬೆಂಗಳೂರಿನ ಕೊಳಚೆ ಹೊತ್ತು ಬಂದ ನೀರು ಮಾತ್ರ ಕಪ್ಪಗೆ, ಏನೂ ಗೊತ್ತಿಲ್ಲದ ಹಾಗೆ ಕೂತಿತ್ತು.

ಇದು ಬರೀ 13 ಬ್ಯಾಂಡ್‌ಗಳ ಕಥೆ. 2015-16ರಲ್ಲಿ ಇಸ್ರೋ ಮತ್ತು ನಾಸಾ ಸೇರಿ ವಿಮಾನದಲ್ಲಿ ಹಾರಿಸಿದ ಅವಿರಿಸ್-ಎನ್‌ಜಿ ಉಪಕರಣ 380ರಿಂದ 2510 ನ್ಯಾನೋಮೀಟರ್‌ವರೆಗಿನ ಬೆಳಕನ್ನ ಸುಮಾರು 5 ನ್ಯಾನೋಮೀಟರ್‌ಗೊಂದರಂತೆ 400ಕ್ಕೂ ಹೆಚ್ಚು ಬ್ಯಾಂಡ್‌ಗಳಾಗಿ ಸೀಳುತ್ತೆ. ಲ್ಯಾಪ್‌ಟಾಪ್ ಪರದೆಗೆ ಇರೋದು ಮೂರೇ ಬಣ್ಣ. ಅಂದ್ರೆ ಯಾವ ಮೂರು ಇಟ್ಕೊಬೇಕು, ಮಿಕ್ಕಿದ್ದೆಲ್ಲ ಯಾವುದನ್ನ ಎಸೀಬೇಕು ಅನ್ನೋದು ಚಿತ್ರ ಮಾಡೋರ ತೀರ್ಮಾನ. ಅದನ್ನ ಮುಚ್ಚಿಟ್ಟು "ಡೇಟಾ ಹೀಗೆ ಹೇಳುತ್ತೆ" ಅನ್ನೋದು ನಮ್ಮ ಪ್ರಕಾರ ಮೋಸ.

ನೆಲ ಮತ್ತು ನೀರು ಒಂದೇ ಚಿತ್ರದಲ್ಲಿ ಬಂದ್ರಂತೂ ಫಜೀತಿ. ಎಲೆ ಆ ಇನ್‌ಫ್ರಾರೆಡ್ ಬೆಳಕಲ್ಲಿ ಅರ್ಧದಷ್ಟನ್ನ ವಾಪಸ್ ಕೊಡಬಹುದು, ನೀರು ಬಹುತೇಕ ಎಲ್ಲಾನೂ ನುಂಗಿಬಿಡುತ್ತೆ. ಎರಡಕ್ಕೂ ಒಂದೇ ಅಳತೆ ಹಾಕಿದ್ರೆ ಚನ್ನಪಟ್ಟಣದ ಕಣ್ವ, ಮಾಗಡಿ ಕಡೆಯ ಮಂಚನಬೆಲೆ ಎರಡೂ ಒಂದೇ ಕಪ್ಪು. ನೀರನ್ನ ಬೇರೆ ಕತ್ತರಿಸಿ, ಅದರ ಕಾಂಟ್ರಾಸ್ಟನ್ನ ಬೇರೆಯಾಗಿ ಎಳೀಬೇಕು. ಆಗ ಪಾಚಿ ಎಲ್ಲಿದೆ ಅಂತ ಹುಡುಕಬಹುದು: ಅದರ ಕ್ಲೋರೋಫಿಲ್ 670ರ ಆಸುಪಾಸಿನ ಬೆಳಕನ್ನ ತಿನ್ನುತ್ತೆ, 700ರ ಹತ್ತಿರ ಒಂದು ಸಣ್ಣ ಗುಡ್ಡ ಏಳುತ್ತೆ. ತೆಳು ತೆಳು ಬ್ಯಾಂಡ್‌ಗಳಿರೋದೇ ಆ ಗುಡ್ಡ ಕಾಣಲಿ ಅಂತ!

ಫಾಲ್ಸ್ ಕಲರ್ ಬೇಡ ಅಂತಿಲ್ಲ ನಾವು. ಓದಲು ಬಂದವರಿಗೆ ಅದು ಬೇಕೇ ಬೇಕು. ಆದ್ರೆ ವೃಷಭಾವತಿ ಬೈರಮಂಗಲ ದಾಟಿ, ಕನಕಪುರದ ಕಡೆ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತೆ. ದಾರಿಯುದ್ದಕ್ಕೂ ಆ ನೀರಲ್ಲಿ ಬೆಳೆ ತೆಗೆಯೋರು ಇದ್ದಾರೆ. ಅವರ ನೀರಿನ ಚಿತ್ರ ಅವರಿಗೇ ಓದೋಕೆ ಬರಲ್ಲ ಅಂದ್ರೆ ಹೇಗೆ? ಪಕ್ಕದಲ್ಲಿ ಮಾಮೂಲಿ ಬಣ್ಣದ ಫೋಟೋ, ಕೆಳಗೆ ಕನ್ನಡದಲ್ಲಿ "ಕೆಂಪು ಅಂದ್ರೆ ಎಲೆ" ಅನ್ನೋ ಒಂದು ಸಾಲು. ಐದು ನಿಮಿಷದ ಕೆಲಸ. (ಇಂಗ್ಲಿಷ್ ಮೀಡಿಯಂನ ನಮಗೆ ಹತ್ತು ನಿಮಿಷ ಹಿಡೀತು.)

ಹಾಗೆ ಮಾಡ್ಕೊಂಡು ಮತ್ತೆ ಹೋದ್ವಿ. ಅಜ್ಜಿ ಕೆರೆ ಬಿಟ್ಟು ಮೊದಲು ತಮ್ಮ ತೋಟ ಹುಡುಕಿದ್ರು.