ಕಂಪ್ಯೂಟರಿಗೆ ವಯಸ್ಸು ನಿಗದಿ ಮಾಡುವವರು ಯಾರು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕೊನೆಗೊಳಿಸಿತು. ಅಂದು ಓಡುತ್ತಿದ್ದ ಯಂತ್ರಗಳು ಮರುದಿನವೂ ಓಡಿದವು. ಒಳಗಿನ ಒಂದು ತಂತಿಯೂ ಸವೆದಿರಲಿಲ್ಲ. ಆದರೆ ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೋ ಹೊಸ ತಲೆಮಾರಿನ ಪ್ರೊಸೆಸರೋ ಇಲ್ಲದವು ಏಕಾಏಕಿ ಹಳೆಯವಾದವು. ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಕಚೇರಿಗಳೇ ತುಂಬಿರುವ ಬೆಂಗಳೂರಿನ ಪೂರ್ವ ಭಾಗಕ್ಕೆ ಇದು ದೂರದ ಸುದ್ದಿಯಲ್ಲ. ಸಾಫ್ಟ್‌ವೇರ್ ಕಂಪನಿ ಬೇಡವೆಂದ ಮಾತ್ರಕ್ಕೆ ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಬೇಕೆ? ಬೇಕಿಲ್ಲ ಎಂಬುದು ನನ್ನ ವಾದ. ಆದರೆ ಅದಕ್ಕೊಂದು ಷರತ್ತಿದೆ.

ಹಳೆಯ ಯಂತ್ರ ಉಳಿಸುವ ದಾರಿಗೆ ಹೋಲಿಕೆಯೊಂದು ಹತ್ತಿರದಲ್ಲೇ ಇದೆ. ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐಟಿಐ, ದೇಶಕ್ಕೆಲ್ಲ ಟೆಲಿಫೋನ್ ಮಾಡಿಕೊಟ್ಟ ಕಾರ್ಖಾನೆ. ಆ ಫೋನುಗಳು ದೀರ್ಘಕಾಲ ಬಾಳಲು ಕಾರಣ, ಬುದ್ಧಿಯೆಲ್ಲ ಎಕ್ಸ್‌ಚೇಂಜಿನಲ್ಲಿದ್ದದ್ದು. ಮನೆಯ ಫೋನಿಗೆ ಕಿವಿ, ಬಾಯಿ, ಡಯಲ್ ಇದ್ದರೆ ಸಾಕಿತ್ತು. ಕಂಪ್ಯೂಟರನ್ನು ಅದರದೇ ಡಿಸ್ಕಿನಿಂದಲ್ಲದೆ ಸರ್ವರಿನಿಂದ ಆರಂಭಿಸುವ ನೆಟ್‌ವರ್ಕ್ ಬೂಟ್ ಕೂಡ ಅಂಥದೇ ಏರ್ಪಾಡು. ಇಂಟೆಲ್ 1990ರ ದಶಕದ ಕೊನೆಗೆ ರೂಪಿಸಿದ ಪಿಎಕ್ಸ್‌ಇ ಪದ್ಧತಿ ಇದಕ್ಕೆ ದಾರಿ ಮಾಡಿತು. 1999ರಲ್ಲಿ ಆರಂಭವಾದ ಎಲ್‌ಟಿಎಸ್‌ಪಿ ಎಂಬ ಮುಕ್ತ ತಂತ್ರಾಂಶ ಯೋಜನೆ ಅದನ್ನು ಶಾಲೆಗಳ ಕೈಗೆಟಕುವಂತೆ ಮಾಡಿತು.

ನಡೆಯುವುದು ಹೀಗೆ. ಹಾರ್ಡ್ ಡಿಸ್ಕ್ ಇಲ್ಲದ ಕಂಪ್ಯೂಟರನ್ನು ಆನ್ ಮಾಡಿ ನೆಟ್‌ವರ್ಕ್ ಬೂಟ್ ಆರಿಸಿದರೆ ಕಪ್ಪು ಪರದೆಯ ಮೇಲೆ ಡಿಎಚ್‌ಸಿಪಿ ಎಂಬ ಸಾಲು ಮೂಡಿ, ಅದರ ಮುಂದೆ ಚುಕ್ಕಿಗಳು ಒಂದೊಂದಾಗಿ ಬೀಳುತ್ತವೆ. ‘ನಾನು ಯಾರು, ಎಲ್ಲಿಂದ ಶುರುಮಾಡಲಿ’ ಎಂದು ನೆಟ್‌ವರ್ಕ್ ಕಾರ್ಡ್ ಕೇಬಲ್ಲಿನುದ್ದಕ್ಕೂ ಕೂಗಿ ಕೇಳುವ ಹೊತ್ತು ಅದು. ಸರ್ವರ್ ಒಂದು ವಿಳಾಸ ಕೊಟ್ಟು, ಬೂಟ್ ಫೈಲಿನ ಹೆಸರು ಹೇಳುತ್ತದೆ. ಲಿನಕ್ಸ್ ಕರ್ನಲ್ ಇಳಿದು ಬರುತ್ತದೆ. ಉಳಿದ ಕಡತಗಳು ಸರ್ವರ್‌ನಲ್ಲೇ ಇದ್ದು ಬೇಕಾದಾಗ ತಂತಿಯಲ್ಲಿ ಬರುತ್ತವೆ. ತೀರಾ ಬಡಕಲು ಯಂತ್ರವಾದರೆ ಪ್ರೋಗ್ರಾಮುಗಳನ್ನೂ ಸರ್ವರೇ ನಡೆಸಿ ಚಿತ್ರವನ್ನಷ್ಟೇ ಕಳಿಸಬಹುದು. ವಿಂಡೋಸ್ 10 ಕಾಲದವು ಅಷ್ಟು ಬಡವಲ್ಲ. ತಮ್ಮ ಪ್ರೊಸೆಸರಿನಲ್ಲೇ ಕೆಲಸ ಮಾಡಬಲ್ಲವು.

ಲಾಭ ಕಾಣುವುದು ಸಾಲಾಗಿ ಯಂತ್ರಗಳಿರುವ ಕಡೆ. ಹಲಸೂರಿನ ಒಂದು ಶಾಲೆಯಲ್ಲೋ ಶಿವಾಜಿನಗರದ ವಾಚನಾಲಯದಲ್ಲೋ ಇಪ್ಪತ್ತು ಕಂಪ್ಯೂಟರ್ ಇಟ್ಟರೆ, ಸಾಮಾನ್ಯವಾಗಿ ಇಪ್ಪತ್ತನ್ನೂ ಬೇರೆಬೇರೆಯಾಗಿ ನೋಡಿಕೊಳ್ಳಬೇಕು. ನೆಟ್‌ವರ್ಕ್ ಬೂಟ್‌ನಲ್ಲಿ ಸರ್ವರ್ ಒಂದನ್ನು ಸರಿಪಡಿಸಿದರೆ ಎಲ್ಲವೂ ಸರಿ. ಕೆ.ಪಿ. ರಾವ್ ವಿನ್ಯಾಸದ ಕನ್ನಡ ಕೀಲಿಮಣೆ, ಗುಬ್ಬಿ–ನವಿಲು ಫಾಂಟುಗಳನ್ನು ಸರ್ವರಿಗೆ ಒಮ್ಮೆ ಹಾಕಿದರೆ ಎಲ್ಲ ಪರದೆಗಳಲ್ಲೂ ಕನ್ನಡ ಬರುತ್ತದೆ. ಗುಟ್ಟಿನ ಮಾಹಿತಿ ಹೊರಹೋಗದಿರಲೆಂದು ಡಿಸ್ಕ್ ಕಿತ್ತುಕೊಂಡು ಉಳಿದದ್ದನ್ನು ದಾನ ಕೊಡುವ ಕಚೇರಿಗೂ ಇದರಿಂದ ಅಡ್ಡಿಯಿಲ್ಲ.

ಎದುರು ವಾದಗಳೂ ಹಗುರವಲ್ಲ. ಪೆಂಟಿಯಮ್ 4ರ ಕೆಲವು ಪ್ರೊಸೆಸರುಗಳೇ 100 ವ್ಯಾಟ್‌ಗೂ ಮೀರಿ ವಿದ್ಯುತ್ ನುಂಗುತ್ತಿದ್ದವು. ಅಂಥವನ್ನು ಉಳಿಸುವುದು ಉಳಿತಾಯವಲ್ಲ. 2025ರ ಲಿನಕ್ಸ್ ಆವೃತ್ತಿ ಡೆಬಿಯನ್ 13 ಕೂಡ 32 ಬಿಟ್ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ಕೈಬಿಟ್ಟಿದೆ. ಹಾಗಾಗಿ ಮುಕ್ತ ತಂತ್ರಾಂಶವೂ ಯಂತ್ರಕ್ಕೆ ಅಮರತ್ವ ಕೊಡುವುದಿಲ್ಲ, ಆಯುಸ್ಸು ಹೆಚ್ಚಿಸುತ್ತದೆ, ಅಷ್ಟೆ. 100 ಮೆಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಹರಿಯುವುದು 12 ಮೆಗಾಬೈಟ್ ಚಿಲ್ಲರೆ. ಇಪ್ಪತ್ತು ಮಂದಿ ಒಟ್ಟಿಗೆ ಆನ್ ಮಾಡಿದರೆ ಕಾಯಬೇಕು, ಸರ್ವರಿಗೆ ಗಿಗಾಬಿಟ್ ಸ್ವಿಚ್ ಬೇಕೇ ಬೇಕು. ಎಲ್ಲಕ್ಕಿಂತ ದೊಡ್ಡ ಆಕ್ಷೇಪ, ಸರ್ವರ್ ಮಲಗಿದರೆ ಇಡೀ ಕೋಣೆ ಮಲಗುತ್ತದೆ ಎಂಬುದು.

ನನ್ನ ಷರತ್ತು ಹುಟ್ಟುವುದೂ ಇಲ್ಲೇ: ಆ ಸರ್ವರನ್ನು ನೋಡಿಕೊಳ್ಳುವವರೊಬ್ಬರು ಬೇಕು. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ ಶಾಲೆಗಳಿಗೆ ಲಿನಕ್ಸ್ ತಂದಾಗ ಯಂತ್ರಗಳ ಜೊತೆ ಶಿಕ್ಷಕರ ತರಬೇತಿಗೂ ಒತ್ತು ಕೊಟ್ಟಿತು. ಅಲ್ಲಿನದು ನೆಟ್‌ವರ್ಕ್ ಬೂಟ್ ಕಥೆಯಲ್ಲ, ಆದರೆ ಪಾಠ ಅದೇ. ನಮ್ಮಲ್ಲಿ ದಾನದ ಕಂಪ್ಯೂಟರುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೆ ಜನ ಸಿಗುತ್ತಾರೆ, ಆರು ತಿಂಗಳ ನಂತರ ಕೆಟ್ಟ ಕೇಬಲ್ ಹುಡುಕಲು ಸಿಗುವುದಿಲ್ಲ.

ಮನೆಯಲ್ಲಿರುವುದು ಒಂದೇ ಕಂಪ್ಯೂಟರ್ ಆದರೆ ಈ ಗೊಡವೆ ಬೇಡ. ನೇರವಾಗಿ ಅದಕ್ಕೇ ಲಿನಕ್ಸ್ ಹಾಕಿ. ಹತ್ತಾರು ಯಂತ್ರ ಹೊರಹಾಕಲು ಹೊರಟ ಕಚೇರಿಯವರು ಮಾತ್ರ ಒಂದು ಶಾಲೆಯನ್ನು ಆರಿಸಿಕೊಳ್ಳಲಿ. ಯಂತ್ರಗಳ ಜೊತೆಗೆ ವರ್ಷಪೂರ್ತಿ ತಿಂಗಳಿಗೆ ಒಂದು ದಿನ ತಮ್ಮ ಸಿಸ್ಟಂ ಅಡ್ಮಿನ್‌ನನ್ನೂ ಕಳಿಸಿಕೊಡಲಿ.